ಭಾವನ ಬಾವುಟ ಸುಧಾರಣೆ

ಅಮೆರಿಕದ ಬಾವುಟ ಇವತ್ತಿಗೂ ಹಳೆಯ ರೂಪದಲ್ಲೇ ಉಳಿದಿರುವುದಕ್ಕೆ ಒಂದೇ ಕಾರಣ: ನಮ್ಮ ಭಾವನ ಸಲಹೆಯನ್ನು ಯಾರೂ ಕೇಳಿಲ್ಲ! ಕೇಳಿದ್ದರೆ ಇಷ್ಟು ಹೊತ್ತಿಗೆ ನಕ್ಷತ್ರಗಳೆಲ್ಲ ನಟ್ಟನಡುವೆ ಬಂದು ಕೂತಿರುತ್ತಿದ್ದವು.

ಭಾವ ಎಂದರೆ ನನ್ನ ಅಕ್ಕನ ಗಂಡ, ಮೈಸೂರಿನವರು. ಡಲ್ಲಾಸ್ ಪಕ್ಕದ ಅಲೆನ್‌ನಲ್ಲಿ ಮನೆ, ಪ್ಲೇನೋದಲ್ಲಿ ಕೆಲಸ, ಬಾವುಟದಲ್ಲಿ ಪ್ರಾಣ. ಅವರೊಡನೆ ಹ್ಯೂಸ್ಟನ್‌ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪಬೇಕಾದವರು ಸಂಜೆಯ ಕಾಫಿಗೆ ತಲುಪುತ್ತೇವೆ. ಟೆಕ್ಸಸ್‌ನಲ್ಲಿ ಕಾರು ಮಾರುವವರು ಹೆದ್ದಾರಿಯ ಪಕ್ಕ ಕಲ್ಯಾಣಮಂಟಪಕ್ಕೇ ಹೊದಿಸುವಷ್ಟು ದೊಡ್ಡ ಬಾವುಟ ಹಾರಿಸುತ್ತಾರಲ್ಲ, ಅದು ಕಂಡಲ್ಲೆಲ್ಲ ಭಾವ ಇಳಿಯಬೇಕು. ಇಳಿದು, ಹಿಂದಿನಿಂದ ನೋಡಬೇಕು!

"ನೋಡಮ್ಮ, ಈ ಕಡೆ ಬಂದ್ರೆ ನಕ್ಷತ್ರ ಎಲ್ಲಾ ಬಲಕ್ಕೆ ಹೋದ್ವು. ನಮ್ಮೋರಿಗೂ ಮೊದಲು ಇದೇ ಪಜೀತಿ. ಬಾವುಟದ ಮೇಲೆ ಚರಕ ಇತ್ತು, ಹಿಂದಿನಿಂದ ನೋಡಿದ್ರೆ ತಿರುಗುಮುರುಗು. ತೆಗೆದು ಚಕ್ರ ಇಟ್ರು. ಎರಡೂ ಕಡೆಯಿಂದ ಒಂದೇ! ಸುಧಾರಣೆ ಅಂದ್ರೆ ಅದು."

"ಇವರೇನೂ ಸುಧಾರಿಸಲೇ ಇಲ್ವಾ ಭಾವ?"

"ಸುಧಾರಿಸಿದ್ರು. ಮೊದಲು ಹದಿಮೂರು ರಾಜ್ಯ, ಹದಿಮೂರು ಪಟ್ಟೆ. ಇನ್ನೆರಡು ರಾಜ್ಯ ಸೇರಿದಾಗ ಪಟ್ಟೆನೂ ಹದಿನೈದಾಯ್ತು. ಹಿಂಗೇ ಹೋದ್ರೆ ಬಾವುಟ ಸೀರೆ ಆಗತ್ತೆ ಅಂತ ಗೊತ್ತಾಗಿ ವಾಪಸ್ ಹದಿಮೂರಕ್ಕೇ ಬಂದ್ರು, ನಕ್ಷತ್ರ ಮಾತ್ರ ಸೇರಿಸ್ತಾ ಹೋದ್ರು. ನಾಳೆ ಐವತ್ತೊಂದನೇದು ಬಂದ್ರೆ ಎಲ್ಲಿಡ್ತಾರೆ ಹೇಳು?"

ನನಗೇನು ಗೊತ್ತು! ಆ ಬಿಸಿಲಿನಲ್ಲಿ ನನಗೆ ಬೇಕಿದ್ದದ್ದು ಕಾರಿನ ಎಸಿ.

ಒಮ್ಮೆ ಫ್ಲವರ್ ಮೌಂಡ್‌ನಲ್ಲಿ ಸ್ನೇಹಿತರ ಮನೆಯಲ್ಲಿ, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್. ಬಿಸಿಬೇಳೆ ಬಾತಿಗೆಂದು ಇಟ್ಟಿದ್ದ ಖಾರಾಬೂಂದಿಯನ್ನು ಭಾವ ಕಾಗದದ ತಟ್ಟೆಯಲ್ಲಿ ದುಂಡಗೆ ಜೋಡಿಸಿ, ಐವತ್ತೊಂದು ನಕ್ಷತ್ರದ ಹೊಸ ಬಾವುಟವನ್ನೇ ಸಿದ್ಧಪಡಿಸಿದರು. ಎಲ್ಲರನ್ನೂ ಕರೆದು ತೋರಿಸುವಷ್ಟರಲ್ಲಿ ಆ ಮನೆಯ ಪುಟ್ಟ ಹುಡುಗಿ ಒಂದು ಕಾಳು ಬಾಯಿಗೆ ಹಾಕಿಕೊಂಡಳು.

"ಅಂಕಲ್, ಐ ಏಟ್ ಟೆಕ್ಸಸ್!"

ಈ ಸುಧಾರಣೆಯ ಹಿಂದೆ ಒಂದು ಮಸಲತ್ತೂ ಇತ್ತು. ಅಕ್ಕ ಎಂದೋ ಅಮೆರಿಕದ ಪ್ರಜೆಯಾಗಿದ್ದಳು. ಭಾವನಿಗೂ ಅರ್ಹತೆ ಬಂದು ವರ್ಷಗಳಾಗಿದ್ದವು. ಅರ್ಜಿ ಹಾಕಿ ಎಂದಾಗಲೆಲ್ಲ, "ಮೊದಲು ಬಾವುಟ ಸರಿಮಾಡ್ಲಿ, ಆಮೇಲೆ ಪ್ರಮಾಣ ಮಾಡ್ತೀನಿ" ಎನ್ನುವರು. ನಿಜವಾದ ಕಾರಣ ನಮಗೆ ಗೊತ್ತಿರಲಿಲ್ಲವೇ? ಪ್ರಜೆಯಾದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಒಪ್ಪಿಸಿದರೆ ಆಗಸ್ಟ್ ಹದಿನೈದರ ಗತಿ?

ಅರ್ವಿಂಗ್‌ನ ಪಾರ್ಕಿನಲ್ಲಿ ಕನ್ನಡದವರೆಲ್ಲ ಸೇರಿ ತ್ರಿವರ್ಣ ಹಾರಿಸುವಾಗ, ಬಾವುಟದೊಳಗೆ ಗುಲಾಬಿ ದಳ ತುಂಬಿ, ಮಡಿಸಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಗಂಟು ಹಾಕುವುದು ಭಾವ. ಹಗ್ಗ ಎಳೆಯುವುದೂ ಭಾವ. ಅವರ ಗಂಟು ಒಂದು ಸಲವೂ ಕೈಕೊಟ್ಟದ್ದಿಲ್ಲ. ದಳ ತಲೆಯ ಮೇಲೆ ಉದುರುವಾಗ ಅವರ ಮುಖ ನೋಡಬೇಕು! ಮದುವೆಯ ದಿನವೂ ಅಷ್ಟು ಕಳೆಯಿರಲಿಲ್ಲ ಎಂದು ಅಕ್ಕನೇ ಹೇಳುತ್ತಾಳೆ.

ಅಂಥ ಭಾವ ಸೋತದ್ದು ಬೆಂಗಳೂರಿನಲ್ಲಿ. ವಿಮಾನ ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆಗೆ ಭಾವ ಭಾರತೀಯರ ಸಾಲಿನಲ್ಲಿ, ಅಕ್ಕ ವಿದೇಶಿಯರ ಸಾಲಿನಲ್ಲಿ. ಕಳೆದ ಸಲ ಅಕ್ಕ ಅಲ್ಲೇ ತಲೆಸುತ್ತಿ ಕುಸಿದಳು. ಯಾರೋ ನೀರು ಕುಡಿಸಿದರು. ಭಾವ ಸಾಲುಗಳ ನಡುವೆ ಕಟ್ಟಿದ್ದ ಪಟ್ಟಿಯ ಆಚೆಯಿಂದ ಓಡಿ ಬರುವಷ್ಟರಲ್ಲಿ ಅವಳು ಎದ್ದು ಕೂತಿದ್ದಳು.

"ಇನ್ಮೇಲೆ ಒಂದೇ ಸಾಲಲ್ಲಿ ನಿಲ್ಲೋಣ ರೀ" ಎಂದಳಂತೆ. ಅಷ್ಟೇ. ಡಲ್ಲಾಸ್‌ಗೆ ಮರಳಿದ ವಾರದಲ್ಲೇ ಭಾವ ಅರ್ಜಿ ಹಾಕಿದರು.

ಸಂದರ್ಶನದಲ್ಲಿ ಬಾವುಟಕ್ಕೆ ಐವತ್ತು ನಕ್ಷತ್ರ ಯಾಕೆ ಎಂದು ಕೇಳಿದರಂತೆ. ಭಾವ ಒಂದೇ ಮಾತಿನಲ್ಲಿ ಉತ್ತರ ಹೇಳಿ ಸುಮ್ಮನಾದರಂತೆ. ನಮ್ಮ ಭಾವ, ಒಂದೇ ಮಾತಿನಲ್ಲಿ!

ಪ್ರಮಾಣ ಮಾಡಿ ಪ್ರಜೆಯಾದ ಮೇಲೆ ಬಂದ ಆಗಸ್ಟ್ ಹದಿನೈದರಂದು ಭಾವ ಎಂದಿನಂತೆ ಗಂಟು ಹಾಕಿದರು. ಹಗ್ಗವನ್ನು ಮಾತ್ರ ಆಸ್ಟಿನ್‌ನಲ್ಲಿ ಓದುತ್ತಿದ್ದ ಹುಬ್ಬಳ್ಳಿಯ ಹುಡುಗಿಯೊಬ್ಬಳ ಕೈಗಿತ್ತರು.

"ನೀವ ಎಳೀರಿ ಅಂಕಲ್. ವರ್ಷಾ ವರ್ಷಾ ನೀವ ಎಳೀತೀರಂತಲ್ರೀ?"

"ಬೇಡಮ್ಮ. ನಂದೀಗ ಬೇರೆ ಬಾವುಟ."

ದಳಗಳು ಅವಳ ತಲೆಯ ಮೇಲೆ ಉದುರಿದವು. ಭಾವ ಎಲ್ಲರಿಗಿಂತ ಹಿಂದೆ ನಿಂತಿದ್ದರು. ಸೆಲ್ಯೂಟ್ ಹೊಡೆಯಲು ಎತ್ತಿದ ಕೈ ಅರ್ಧಕ್ಕೇ ನಿಂತು ಪ್ಯಾಂಟಿನ ಜೇಬು ಸೇರಿತು. ಅವರನ್ನು ಯಾರೂ ಬೇಡ ಎಂದಿರಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾದದ್ದು.

ಈಗ ಭಾನುವಾರ ಬಂದರೆ ನನಗೆ ಗಂಟಿನ ಪಾಠ. "ನಿಂದಿನ್ನೂ ಭಾರತದ ಪಾಸ್‌ಪೋರ್ಟು. ನೀನು ಕಲಿತುಬಿಟ್ರೆ ನಾನು ಕಟ್ಟೋದೂ ಬಿಟ್ಟುಬಿಡ್ತೀನಿ" ಎನ್ನುತ್ತಾರೆ. ಅಡುಗೆಮನೆಯ ಟವೆಲ್ಲು, ಅಕ್ಕನ ಲಂಗದ ಲಾಡಿ, ಹಿತ್ತಲಿನ ಗುಲಾಬಿ, ಬಾಗಿಲ ಮೇಲೆ ತೋರಣದ ಮೊಳೆ. ನಾನು ಕಟ್ಟಿದ್ದನ್ನು ಎಳೆದರೆ ಬಿಗಿಯುತ್ತದೆಯೇ ಹೊರತು ಬಿಚ್ಚುವುದಿಲ್ಲ.

"ಎಂಥಾ ದಡ್ಡಿ ಕಣೇ ನೀನು! ಇಂಜಿನಿಯರ್ ಬೇರೆ!" ಎಂದು ಬೈದು, ಬಿಚ್ಚಿ, ತಾವೇ ಮತ್ತೆ ಕಟ್ಟಿ, ಎಳೆದು ತೋರಿಸುತ್ತಾರೆ. ದಳಗಳು ಅವರ ತಲೆಯ ಮೇಲೆ ಉದುರುತ್ತವೆ. ಮುಖದಲ್ಲಿ ಅದೇ ಕಳೆ.

ಆ ಗಂಟು ನನಗೆ ಮೊದಲ ಭಾನುವಾರವೇ ಬಂದಿತ್ತು. ಭಾವನಿಗೆ ಹೇಳಿಲ್ಲ.