ಪೋಸ್ಟ್ ಕಾರ್ಡಿನ ರಾಕ್ಷಸ

ನಮ್ಮ ಸೋದರಮಾವ ಸೊರಬದ ತಮ್ಮ ಕಿರಾಣಿ ಅಂಗಡಿಯ ಗಲ್ಲಾ ಬಿಟ್ಟು ಏಳದೆಯೇ ಎರಡು ವರ್ಷ ಶಿಕಾರಿಪುರದ ಮೇಲೆ ಯುದ್ಧ ಮಾಡಿದರು ಅಂದರೆ ನಂಬುತ್ತೀರಾ? ನಂಬಲೇಬೇಕು. ಆ ಯುದ್ಧದಲ್ಲಿ ಸತ್ತವನು ನಾನೇ!

ಎದುರಾಳಿ, ಶಿಕಾರಿಪುರದಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಹೇಬರು. ಇಬ್ಬರೇ ಕೂಡಿ ಕಟ್ಟಿದ ಆಟ. ನಡೆಯುತ್ತಿದ್ದುದು ಪೋಸ್ಟ್ ಕಾರ್ಡಿನಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಕುಲ. ರಾಕ್ಷಸನ ಪೆಟ್ಟು ದುಪ್ಪಟ್ಟು, ಆದರೆ ಹೊಡೆದ ಮೇಲೆ ಒಂದು ಕಾರ್ಡಿನಷ್ಟು ಹೊತ್ತು ನಿದ್ದೆ. ನಾಗನ ಪೆಟ್ಟು ಸಣ್ಣದು, ವಿಷ ಮಾತ್ರ ಮೂರು ಕಾರ್ಡಿನವರೆಗೆ ಏರುತ್ತಲೇ ಇರುತ್ತದೆ. ಮನುಷ್ಯನಿಗೆ? ಓಡಲು ಎರಡು ಕಾಲು! ಹೊಡೆಯುವವನು ತನ್ನ ಮನೆಯಲ್ಲೇ ಆರು ಕವಡೆ ಎಸೆದು, ಎಷ್ಟು ಅಂಗಾತ ಬಿದ್ದವೆಂದು ಬರೆಯಬೇಕು. ಮೂರೋ ಅದಕ್ಕಿಂತ ಹೆಚ್ಚೋ ಬಿದ್ದರೆ ಪೆಟ್ಟು ತಾಗಿದಂತೆ, ಎದುರಾಳಿಯ ಪ್ರಾಣ ಕಳೆದಂತೆ. ಇವರಿಬ್ಬರಲ್ಲಿ ಒಬ್ಬರ ಪ್ರಾಣಗಳೆಲ್ಲ ಮುಗಿದರೆ ಆಟ ಮುಗಿಯಿತು, ಕಾರ್ಡೂ ನಿಂತಿತು.

ಊದಿದರೆ ಹಾರಿಹೋಗುವ ಮಾವ ಆರಿಸಿಕೊಂಡದ್ದು ರಾಕ್ಷಸನನ್ನು! ವಿಭೂತಿ ಬಳಿದ ರಾಕ್ಷಸ ಘರ್ಜಿಸುತ್ತ ಬೆಲ್ಲ ತೂಗುವುದನ್ನು ನಾನು ಮಾಡಿ ತೋರಿಸಿದರೆ ಗಿರಾಕಿಗಳು ಬೆಲ್ಲ ಮರೆತು ಮನೆಗೆ ಹೋಗುತ್ತಿದ್ದರು. ನಾನೂ ಮನುಷ್ಯನಾಗಿ ಆಟಕ್ಕೆ ಸೇರಿದೆ. ಎರಡನೇ ಕಾರ್ಡಿಗೇ ಸಾಹೇಬರ ನಾಗ ಕಚ್ಚಿದ.

"ಮಾವ, ಇದೊಂದು ಸಲ ಬದುಕಿಸಿ!"

"ಸತ್ತವನು ಮಾತಾಡಬಾರದು ಕಣೋ. ಹೋಗಿ ಮೆಣಸಿನಕಾಯಿ ಮೂಟೆ ಬಿಚ್ಚು."

ಹೆಣದ ಕೈಲೂ ಕೆಲಸ ಮಾಡಿಸುವ ಮಹಾನುಭಾವ!

ಒಮ್ಮೆ ಅತ್ತೆಯ ಅಣ್ಣ ಹೊಸಬಾಳೆಯಿಂದ ಬಂದವರು, ಮಾವ ಉಗ್ರಾಣದೊಳಗಿದ್ದಾಗ ಗಲ್ಲಾದ ಮೇಲಿದ್ದ ಸಾಹೇಬರ ಕಾರ್ಡು ಓದಿಬಿಟ್ಟರು: "ನಿಮ್ಮವನ ಎದೆಗೆ ವಿಷ ಏರಿದೆ. ಗುರುವಾರದ ಟಪಾಲಿನವರೆಗೆ ಉಳಿದರೆ ಹೆಚ್ಚು." ಅವರು ಊರಿಗೆ ಓಡಿದ್ದೇ ಓಡಿದ್ದು, ಸಂಜೆಯೊಳಗೆ ಎರಡು ಗಾಡಿ ತುಂಬ ನೆಂಟರು ಅಳುತ್ತ ಬಂದಿಳಿದರು! ಅತ್ತೆ ಅಷ್ಟೂ ಜನಕ್ಕೆ ಅವಲಕ್ಕಿ ಕಲಸುತ್ತ, "ಅಯ್ಯೋ ಅಣ್ಣಾ, ಹೋಗ್ತಿರೋದು ಇವರಲ್ಲ, ಇವರ ರಾಕ್ಷಸ!" ಎಂದರು.

"ಮದುವೆ ಆದಾಗಿಂದ ಎರಡೂ ಒಂದೇ ಅಂತಿದ್ದೆಯಲ್ಲೇ?" ಎಂದರು ಅಣ್ಣ.

ರಾಕ್ಷಸ ಆ ಗುರುವಾರ ಹೇಗೋ ಬದುಕಿಕೊಂಡ. ಕೊನೆಗೂ ನಾಗನಿಗೆ ಒಂದೇ ಪ್ರಾಣ ಉಳಿಯಿತು. ಹೊಡೆಯುವ ಸರದಿ ಮಾವನದು. "ನಾಳೆ ಶಿಕಾರಿಪುರ ನಮ್ದು!" ಎಂದು ಉಪ್ಪು ಕೇಳಿದವರಿಗೆ ಸಕ್ಕರೆ ಕಟ್ಟಿಕೊಟ್ಟರು. ಅಷ್ಟರಲ್ಲಿ ಸಾಹೇಬರದೊಂದು ಕಾರ್ಡು ಬಂತು. ಅಕ್ಷರಗಳೆಲ್ಲ ಸೊಟ್ಟಂಬಟ್ಟ. ನಾನು ಗಂಟಲು ಸರಿಮಾಡಿಕೊಂಡು ಸಾಹೇಬರ ದನಿಯಲ್ಲೇ ಓದತೊಡಗಿದೆ:

"ಕುಲುಮೆಯಲ್ಲಿ ಬಲಗೈ ಸುಟ್ಟುಕೊಂಡೆ. ಇದು ಎಡಗೈ ಬರಹ, ಮಾಫ್ ಮಾಡಿ. ಕೆಲಸ ಬಂದ್. ದಿನವೆಲ್ಲ ನಿಮ್ಮ ಕಾರ್ಡಿನ ದಾರಿ ಕಾಯೋದೊಂದೇ. ಹೊಡೀರಿ ರೀ, ನಾಗ ಹೆದರೋನಲ್ಲ."

ಅರ್ಧಕ್ಕೇ ಸಾಹೇಬರ ದನಿ ಬಿಟ್ಟುಹೋಗಿ ನನ್ನದೇ ಉಳಿಯಿತು.

ಮಾವ ಕವಡೆ ಎಸೆದರು. ಐದು! ನಾನು ಕುಣಿದೆ. ಅವರು ಕುಣಿಯಲಿಲ್ಲ. ಪೆನ್ನನ್ನು ಎಡಗೈಗೆ ತೆಗೆದುಕೊಂಡು, ನಾಲಿಗೆ ಕಚ್ಚಿ, ಒಂದೊಂದೇ ಅಕ್ಷರ ಗೀಚತೊಡಗಿದರು. ಬಗ್ಗಿ ಓದಿದೆ:

"ಐದು ಬಿತ್ತು. ಆದರೆ ನಮ್ಮ ರಾಕ್ಷಸ ಎಡಗೈಯಲ್ಲಿ ಹೊಡೆದ, ತಾಗಲಿಲ್ಲ. ನಿಮ್ಮ ಕೈ ವಾಸಿಯಾಗುವವರೆಗೆ ಅವನೂ ಎಡಗೈಯವನೇ."

"ಮಾವ, ಗೆದ್ದಿದ್ರಲ್ಲ!"

"ಬಾಯಿ ಸಾಕು. ಕಾರ್ಡು ಜಾರ್ತಾ ಇದೆ, ಹಿಡ್ಕೋ."

ಹಿಡಿದುಕೊಂಡೆ.