ಕೆಂಪು ಸಾಲಿನ ಅಜ್ಜ

ಬೆಳಿಗ್ಗೆ ಕಾಳು ಹಾಕುವಾಗ ಅಜ್ಜ ಮುಖ ತಿರುಗಿಸಿದ್ದೇ ಅಂದಿನ ಪಜೀತಿಗೆಲ್ಲ ಮೂಲ.

ಅಜ್ಜ ಎಂದರೆ ಪ್ರಯೋಗಶಾಲೆಯ ಒಂದು ಬಿಳಿ ಇಲಿ. ಮೀಸೆ ಬಾಗಿ, ಬೆನ್ನು ಗೂನಾಗಿ, ಬಸ್ಸು ತಪ್ಪಿಸಿಕೊಂಡ ಮುದುಕನಂತೆ ಸದಾ ಮೂಲೆಯಲ್ಲಿ ಕೂತಿರುತ್ತಿದ್ದುದರಿಂದ ಆ ಹೆಸರು. ಹೆಸರಿಟ್ಟವನು ಇಲಿಗಳನ್ನು ನೋಡಿಕೊಳ್ಳುವ ಇಲಿಮಾಮ. ಅವನಿಗೂ ಸ್ವಂತದ್ದೊಂದು ಹೆಸರಿತ್ತು. ಅದನ್ನು ಹಿಡಿದು ಕೂಗುತ್ತಿದ್ದ ಹೆಂಡತಿ ಹೋದ ಮೇಲೆ ಅದು ಬಳಕೆ ತಪ್ಪಿತ್ತು.

ಅಲ್ಲಿ ನಡೆಯುತ್ತಿದ್ದುದು ಮೇದೋಜೀರಕ ಗ್ರಂಥಿಯ ಉರಿಯೂತದ ಪರೀಕ್ಷೆ. ಹೊಟ್ಟೆಯ ಹಿಂದೆ ಅಡಗಿ, ಉಂಡದ್ದನ್ನು ಕರಗಿಸುವ ರಸ ಕೊಡುವ ಈ ಗ್ರಂಥಿ ಕೆರಳಿತೆಂದರೆ ತನ್ನ ರಸದಿಂದ ತನ್ನನ್ನೇ ಅರಗಿಸಿಕೊಳ್ಳತೊಡಗುತ್ತದೆ. ಇಲಿಗಳಿಗೆ ಆ ಬೇನೆ ಬರಿಸಿ, ಜೀವಕೋಶಗಳನ್ನು ಬೆಳೆಸುವ ಒಂದು ಅಂಶವನ್ನು ಚುಚ್ಚಿದರೆ ಬೆಂದ ಗ್ರಂಥಿ ಮತ್ತೆ ಚಿಗುರುವುದೇ ಎಂದು ನೋಡುವುದು ಡಾಕ್ಟರಮ್ಮನ ಕೆಲಸ. ಒಂದು ಸಾಲಿನ ಇಲಿಗಳಿಗೆ ಕೆಂಪು ಮುಚ್ಚಳದ ಸೀಸೆಯಿಂದ, ಇನ್ನೊಂದು ಸಾಲಿಗೆ ನೀಲಿ ಮುಚ್ಚಳದ್ದರಿಂದ ದಿನಾ ಇಲಿಮಾಮನ ಸೂಜಿ. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಬರೀ ಉಪ್ಪುನೀರು. ಯಾವುದು ಯಾವುದೆಂದು ಬೆರೆಸಿಟ್ಟ ಡಾಕ್ಟರಮ್ಮನಿಗೆ ಮಾತ್ರ ಗೊತ್ತು. ಚುಚ್ಚುವವನಿಗೆ ತಿಳಿದರೆ ಅವನ ಕೈ ಪಕ್ಷಪಾತ ಮಾಡುತ್ತದೆ ಎಂಬುದು ಅವರ ನಿಯಮ.

ಕಣ್ಣಿದ್ದವನಿಗೆ ತಿಳಿಯದೆ ಇರುತ್ತದೆಯೇ? ನೀಲಿ ಸಾಲಿನವು ಶಾಲೆ ಬಿಟ್ಟ ಮಕ್ಕಳಂತೆ ಕುಣಿಯುತ್ತಿದ್ದವು. ಕೆಂಪು ಸಾಲಿನವು ಜೋಲುಮೋರೆ ಹಾಕಿ ಕೂತಿದ್ದವು. ನೀಲಿಯೇ ಔಷಧಿ ಎಂದು ಇಲಿಮನೆಯಲ್ಲಿ ಎಂದೋ ತೀರ್ಮಾನವಾಗಿತ್ತು. ಆ ಸಂಜೆ ಪರೀಕ್ಷೆ ಮುಗಿಯುವುದಿತ್ತು. ಗುಣವಾದವು ಮೇಲಿನ ಗೂಡುಗಳಿಗೆ ಹೋಗಿ ಆಯುಷ್ಯವಿರುವಷ್ಟು ದಿನ ಬದುಕಿಕೊಳ್ಳುತ್ತವೆ. ಗುಣವಾಗದವನ್ನು ಕೊಯ್ದು ನೋಡುತ್ತಾರೆ.

ಅಜ್ಜ ಕೆಂಪು ಸಾಲಿನವನು. ಕಾಲುಗಳನ್ನು ಹೊಟ್ಟೆಗೆ ಸೇರಿಸಿ ಮಗ್ಗುಲಾಗಿ ಬಿದ್ದಿದ್ದ ಅವನನ್ನು ಇಲಿಮಾಮ ಬಹಳ ಹೊತ್ತು ನೋಡಿದ. ಹೆಂಡತಿಯೂ ಕೊನೆಗೆ ಹೀಗೆಯೇ ಮಲಗಿದ್ದಳು. ಬೇನೆಯೂ ಇದೇ. ಅಂದು ಅವನ ಕೈಯಲ್ಲಿ ಕೊಡಲು ಏನೂ ಇರಲಿಲ್ಲ. ಇಂದು ಎರಡು ಸೀಸೆಗಳಿದ್ದವು.

“ದೇವರೇ, ಇದೊಂದು ಜೀವ ಉಳಿಸಪ್ಪಾ,” ಎಂದವನೇ ಕೆಂಪಿನ ಬದಲು ನೀಲಿಯನ್ನು ಚುಚ್ಚಿಬಿಟ್ಟ.

“ಏನ್ ಮಾಮ, ಕೆಂಪು ಸಾಲಿನವನಿಗೆ ನೀಲಿ ಉಪಚಾರ?”

ಬಾಗಿಲಲ್ಲಿ ನೆಲ ಒರೆಸುವ ಅಕ್ಕ ನಿಂತಿದ್ದಳು.

“ಶ್! ಕೈತಪ್ಪಾಯ್ತು ಕಣಮ್ಮ.”

“ತಪ್ಪೋ ಕೈ ಹಿಂಗೆ ಆಕಡೆ ಈಕಡೆ ನೋಡ್ಕೊಂಡು ತಪ್ಪಲ್ಲ. ಹೋಗ್ಲಿ ಬಿಡಿ, ನಾನು ಯಾರಿಗೂ ಹೇಳಲ್ಲ. ಆದ್ರೆ ಪಕ್ಕದ ಗೂಡಿನವು ಏನು ಪಾಪ ಮಾಡಿದ್ವು? ಅವಕ್ಕೆ ಮೀಸೆ ಬಾಗಿಲ್ಲ ಅಂತಾನಾ?”

ಇಲಿಮಾಮ ಸೂಜಿಯನ್ನು ಬಚ್ಚಿಟ್ಟ. ಎಲ್ಲಕ್ಕೂ ಕೊಟ್ಟರೆ ಸಿಕ್ಕಿಬೀಳುತ್ತಾನೆ. ಒಂದಕ್ಕೇ ಕೊಟ್ಟದ್ದು ಒಳಗೇ ಚುಚ್ಚುತ್ತದೆ.

ಮಧ್ಯಾಹ್ನದ ಹೊತ್ತಿಗೆ ಅಜ್ಜ ಎದ್ದು ಕೂತ. ಮೀಸೆ ತಿಕ್ಕಿದ. ಕಾಳು ಮುಕ್ಕಿದ. ಆಮೇಲೆ ಗೂಡಿನ ಕಂಬಿ ಹಿಡಿದು ಸರ್ಕಸ್ಸಿಗೆ ಶುರು ಮಾಡಿದ. ಸುತ್ತ ಇಡೀ ಸಾಲು ಮುಲುಗುತ್ತಿರುವಾಗ ಇವನೊಬ್ಬನ ಈ ಲಾಗ!

“ಸ್ವಲ್ಪ ನಿಧಾನಕ್ಕೆ ಗುಣವಾಗೋ ಮಾರಾಯ, ನನ್ನ ಮಾನ ತೆಗೀಬೇಡ,” ಎಂದು ಇಲಿಮಾಮ ಗೂಡಿನ ಮೇಲೆ ಟವೆಲ್ ಹೊದಿಸಿದ.

ಆ ಟವೆಲ್ಲೇ ರಕ್ತದ ಮೇಷ್ಟ್ರನ್ನು ಕರೆದು ತಂದಿತು. ಅವರು ರಕ್ತ ಪರೀಕ್ಷೆ ಮಾಡುವವರು. ಯಾರನ್ನು ಕಂಡರೂ ಪಾಠ ಹೇಳುತ್ತಿದ್ದುದರಿಂದ ಮೇಷ್ಟ್ರಾಗಿದ್ದರು.

“ಇವನಿಗೇನ್ ಮಾಮ, ಈ ವಯಸ್ಸಲ್ಲಿ ನಾಚಿಕೆ?” ಎಂದು ಟವೆಲ್ ಎಳೆದು, ಅಜ್ಜನ ಲಾಗ ಕಂಡು ಹುಬ್ಬೇರಿಸಿ, ಬಾಲದಿಂದ ಒಂದು ಹನಿ ರಕ್ತ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಓಡುತ್ತ ಬಂದರು.

“ಮಾಮ! ನಿನ್ನೆ ಆಕಾಶದಲ್ಲಿದ್ದ ಉರಿಯೂತದ ಅಂಕಿ ಇವತ್ತು ನೆಲಕ್ಕಿಳಿದಿದೆ!”

“ಯಂತ್ರ ಕೆಟ್ಟಿರ್ಬೇಕು ಮೇಷ್ಟ್ರೇ.”

“ಅದಕ್ಕೇ ನನ್ನ ರಕ್ತಾನೂ ಹಾಕಿ ನೋಡ್ದೆ. ಯಂತ್ರ ಸರಿಯಾಗಿದೆ. ನಂದೇ ಸ್ವಲ್ಪ ಜಾಸ್ತಿ.”

ತಡೆಯುವಷ್ಟರಲ್ಲಿ ಅವರು ಡಾಕ್ಟರಮ್ಮನ ಕೋಣೆ ಸೇರಿಯಾಗಿತ್ತು. ಡಾಕ್ಟರಮ್ಮ ಬಂದು ಅಜ್ಜನನ್ನು ಅಂಗೈಯಲ್ಲಿಟ್ಟುಕೊಂಡರು. ಅವರ ಕಣ್ಣು ತುಂಬಿತ್ತು.

“ಇನ್ನು ಮುಚ್ಚಿಡೋದು ಬೇಡ. ಕೆಂಪೇ ಔಷಧಿ, ಮಾಮ. ನೀಲಿ ಬರೀ ಉಪ್ಪುನೀರು.”

ಇಲಿಮಾಮ ನೀಲಿ ಸೀಸೆಯತ್ತ ತಿರುಗಿ ನೋಡಿದ.

“ಇಷ್ಟು ವರ್ಷದ ದುಡಿಮೆ ಮಣ್ಣುಪಾಲಾಯ್ತು ಅಂತ ಅಳ್ತಾ ಕೂತಿದ್ದೆ. ಇವನೊಬ್ಬ ಮಾನ ಉಳಿಸಿದ! ಇವನಲ್ಲಿ ಔಷಧಿ ಕೆಲಸ ಮಾಡಿದೆ. ಹೇಗೆ ಅಂತ ಒಳಗೆ ನೋಡ್ಬೇಕು. ಈಗ್ಲೇ.”

“ಒಳಗೆ ಅಂದ್ರೆ... ಕೊಯ್ದಾ? ಗುಣವಾದವನನ್ನಾ?”

“ಗುಣವಾಗಿರೋದಕ್ಕೇ ಕೊಯ್ಯೋದು, ಮಾಮ.”

ಸುಮ್ಮನಿದ್ದರೆ ಅಜ್ಜನ ಜೀವ ಹೋಗುತ್ತದೆ. ಬಾಯಿ ಬಿಟ್ಟರೆ ತನ್ನ ಕೆಲಸ. ಇಲಿಮಾಮ ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ನಡೆದದ್ದನ್ನೆಲ್ಲ ಹೇಳಿಬಿಟ್ಟ. “ತಪ್ಪು ನಂದು ತಾಯಿ, ನನ್ನನ್ನ ಮನೆಗೆ ಕಳಿಸಿ. ಇವತ್ತು ಇವನಿಗೆ ಚುಚ್ಚಿದ್ದು ಉಪ್ಪುನೀರು. ಇವನಿಂದ ನಿಮ್ಮ ಪರೀಕ್ಷೆಗೆ ಏನೂ ಉಪಯೋಗವಿಲ್ಲ. ಬಿಟ್ಟುಬಿಡಿ.”

ಡಾಕ್ಟರಮ್ಮ ಮೊದಲು ಕೆಂಪಾದರು. ಆಮೇಲೆ ಬಿಳಿಚಿಕೊಂಡರು. ಆಮೇಲೆ ಮೆಲ್ಲಗೆ ಕುರ್ಚಿಯಲ್ಲಿ ಕೂತರು.

“ಅಂದ್ರೆ ಔಷಧಿ ನಿಲ್ಲಿಸಿದ ದಿನವೇ ಇವನು ಎದ್ದು ಕೂತ. ಅಲ್ಲಿಗೆ ಔಷಧಿಯೇ ಉರೀಗೆ ತುಪ್ಪ ಸುರೀತಿತ್ತೋ ಏನೋ! ಮೇಷ್ಟ್ರೇ, ಕೆಂಪು ಸಾಲಿನ ಉಳಿದ ಯಾವುದನ್ನೂ ಇವತ್ತು ಮುಟ್ಟಬೇಡಿ. ಎಲ್ಲಕ್ಕೂ ಔಷಧಿ ನಿಲ್ಲಿಸಿ ನೋಡೋಣ, ಪಾಪ, ಬದುಕಿಕೊಳ್ಳಲಿ. ಮಾಮ, ನಿಮ್ಮನ್ನ ಮನೆಗೆ ಕಳಿಸೋದಾ? ನೀವು ಅಷ್ಟೂ ಜೀವ ಉಳಿಸಿದ್ರಿ!”

ಅಕ್ಕ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು. ಇಲಿಮಾಮ ಮಾತ್ರ ಡಾಕ್ಟರಮ್ಮನ ಅಂಗೈಯನ್ನೇ ನೋಡುತ್ತಿದ್ದ.

“ಅಮ್ಮಾ, ಅಜ್ಜ?”

“ಔಷಧಿ ಬಿಟ್ಟು ಎದ್ದವನು ಸದ್ಯಕ್ಕೆ ಇವನೊಬ್ಬನೇ ಅಲ್ವಾ,” ಎಂದು ಡಾಕ್ಟರಮ್ಮ ದನಿ ತಗ್ಗಿಸಿದರು. “ಇವನ ಒಳಗೆ ನೋಡಲೇಬೇಕು. ಬೇರೆಯವರು ಹಿಡಿದರೆ ಹೆದರ್ತಾನೆ. ನೀವೇ ಹಿಡ್ಕೊಳ್ಳಿ, ಮಾಮ.”

ಇಲಿಮಾಮ ಎರಡೂ ಕೈ ಚಾಚಿದ. ಅಜ್ಜ ಹುರುಪಿನಿಂದ ಅವುಗಳೊಳಕ್ಕೆ ಜಿಗಿದ.