ಬೆನ್ನಿನ ಕಿಟಕಿ

ಪಾಲಕರ ಸಭೆಯ ದಿನ ಬೆಳಿಗ್ಗೆ ಶೈಲಶ್ರೀ ಟ್ರಂಕಿನಿಂದ ನವಿಲು ಬಣ್ಣದ ಜಂಪರು ತೆಗೆದು ಕೊಡವಿ ಹಿಡಿದಾಗ, ಅದರ ಬೆನ್ನಿನೊಳಗಿಂದ ಎದುರು ಗೋಡೆಯ ಕ್ಯಾಲೆಂಡರು ಕಾಣಿಸಿತು. ಇಲಿಯ ಕೆಲಸ. ಕುಬಿಹಾಳದ ಮದುವೆಯಲ್ಲಿ ಮಗ ಸಿದ್ಧಾರೂಢ ಬೂಂದಿ ಲಾಡು ತಿಂದ ಕೈಯಲ್ಲೇ ಹಿಂದಿನಿಂದ ಬಂದು ತಬ್ಬಿಕೊಂಡಿದ್ದ. ಒಂದೇ ಸಲ ತೊಟ್ಟದ್ದನ್ನು ಏಕೆ ಒಗೆಯುವುದೆಂದು ಇವಳು ಹಾಗೆಯೇ ಮಡಿಸಿ ಇಟ್ಟಿದ್ದಳು. ಇಲಿ ಲಾಡಿನ ಕಲೆ ಇದ್ದಷ್ಟು ಜಾಗವನ್ನು ಮಾತ್ರ ತಿಂದು, ಉಳಿದದ್ದನ್ನು ಮುಟ್ಟದೆ ಮರ್ಯಾದೆಯಿಂದ ಹೋಗಿತ್ತು.

ಬೇರೆ ಸೀರೆ ಉಟ್ಟು ಬೇರೆ ರವಿಕೆ ತೊಡಬಹುದಿತ್ತು. ಆದರೆ ಶಾಲೆಯ ಗೇಟಿನ ಹತ್ತಿರ ರೋಹಿಣಿ ಇರುತ್ತಾಳೆ. ಸೊಸೈಟಿ ಸೆಕ್ರೆಟರಿಯ ಹೆಂಡತಿ ರೋಹಿಣಿ ಗುಡಗೇರಿಯಲ್ಲಿ ಈ ವರ್ಷ ತೋಳು ಎಷ್ಟು ಉದ್ದ ಇರಬೇಕು, ಯಾವ ಬಣ್ಣ ಹಳೆಯದಾಯಿತು ಎಂದು ತೀರ್ಪು ಕೊಡುವವಳು. ಹೋದ ಸಭೆಯಲ್ಲಿ ಶೈಲಶ್ರೀಯ ಹಳದಿ ಜಂಪರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ತನ್ನ ಅಜ್ಜಿಯೂ ಇಂಥದ್ದನ್ನೇ ಹಾಕುತ್ತಿದ್ದಳೆಂದು ಬಹಳ ಪ್ರೀತಿಯಿಂದ ಹೇಳಿದ್ದಳು. ಎಲ್ಲ ತಾಯಂದಿರೂ ನಕ್ಕಿದ್ದರು. ಶೈಲಶ್ರೀಯೂ ನಕ್ಕಿದ್ದಳು. ಮನೆಗೆ ಬಂದು ಆ ಜಂಪರಿನಿಂದ ಗ್ಯಾಸ್ ಒಲೆ ಒರೆಸಿದ್ದಳು.

ಹೀಗಾಗಿ ನವಿಲು ಬಣ್ಣವೇ ಬೇಕಾಗಿತ್ತು. ಅತ್ತೆ ಸಾವಿತ್ರೆವ್ವ ಮಠಕ್ಕೆ ಹೋಗಿದ್ದ ಸಮಯ ನೋಡಿ ಅವಳ ಕೌದಿಯ ಗಂಟು ಬಿಚ್ಚಿದಳು. ಕೌದಿ ಹೊಲಿಯಲೆಂದು ಅತ್ತೆ ವರ್ಷಗಟ್ಟಲೆ ಕೂಡಿಟ್ಟ ಹಳೆ ಬಟ್ಟೆಗಳ ನಡುವೆ ಒಂದು ಕೆಂಪು ಖಣದ ತುಂಡು ಸಿಕ್ಕಿತು. ಇಲಿಯ ತೂತನ್ನು ಕತ್ತರಿಯಿಂದ ಆದಷ್ಟು ಚೌಕ ಮಾಡಿ, ಒಳಗಿನಿಂದ ಖಣದ ಒಂದು ಮೂಲೆ ಕತ್ತರಿಸಿ ಇಟ್ಟು ಮಶಿನ್ ಹೊಡೆದಳು. ಹೊಲಿಗೆ ಸೊಟ್ಟ ಹೋಯಿತು. ಅದನ್ನು ಮುಚ್ಚಲು ಹರಿದ ಸರದ ಮುತ್ತುಗಳನ್ನು ಸುತ್ತಲೂ ಕೂರಿಸಿದಳು. ಮುತ್ತುಗಳೂ ಸೊಟ್ಟ ಕೂತವು. ಕೊನೆಗೆ ಅಡ್ಡ ಒಂದು, ಉದ್ದ ಒಂದು ಪಟ್ಟಿ ಹಾಕಿದಾಗ ಅದು ಸರಳು ಹಾಕಿದ ಕಿಟಕಿಯಂತೆ ಕಂಡಿತು. ಮೇಲೆ ಸೆರಗು ಹೊದ್ದರೆ ಯಾರು ನೋಡುತ್ತಾರೆ ಎಂದುಕೊಂಡು ಹೊರಟಳು.

ಸಭೆ ಬೇಗ ಮುಗಿಯಿತು. ಆಮೇಲೆ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಜವಾದ ಸಭೆ ಶುರುವಾಯಿತು. ಮಕ್ಕಳು ಡಬ್ಬಿಯಲ್ಲಿ ರೊಟ್ಟಿ ವಾಪಸು ತರುವುದು, ಗಂಡಂದಿರು ತಂದ ಸೀರೆಯ ಬಣ್ಣ, ಫೋನಿನಲ್ಲಿ ತೋರಿಸಿದ ಸೀರೆಯೇ ಬೇರೆ ಮನೆಗೆ ಬಂದ ಸೀರೆಯೇ ಬೇರೆ ಆದದ್ದು, ಹೀಗೆ ಒಂದರ ಹಿಂದೆ ಒಂದು ಮಾತು ಬಂತು. ಆ ಬಿಸಿಲಲ್ಲಿ ಶೈಲಶ್ರೀ ಒಬ್ಬಳೇ ಎರಡೂ ಹೆಗಲ ಮೇಲೆ ಸೆರಗು ಹೊದ್ದು, ಚಳಿಜ್ವರ ಬಂದವಳಂತೆ ನಿಂತಿದ್ದಳು. ಇನ್ನು ಹೊರಡೋಣವೆಂದು ತಿರುಗಿದಾಗ ಸೆರಗು ಗೇಟಿನ ಚಿಲಕಕ್ಕೆ ಸಿಕ್ಕು ಪೂರ್ತಿ ಕೆಳಗೆ ಇಳಿಯಿತು.

ಮೊದಲು ನೋಡಿದವಳು ಮುಸರತ್. ಸ್ಟೇಶನ್ನಿನ ಹತ್ತಿರ ಅವಳ ಗಂಡನದು ಟೈರಿನ ಅಂಗಡಿ. ಮುಸರತ್ ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸಿದ್ದನ್ನು ಕಂಡು ಉಳಿದವರೆಲ್ಲ ಅತ್ತ ನೋಡಿದರು. ರೋಹಿಣಿ ಹತ್ತಿರ ಬಂದು ಕಿಟಕಿಯ ಮೇಲೆ ಬೆರಳಾಡಿಸಿದಳು.

"ಶೈಲಾ, ಎಲ್ಲಿ ಹೊಲಿಸಿದಿ ಇದನ್ನ?"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿ ಶೈಲಶ್ರೀ ತಲೆ ತಗ್ಗಿಸಿ ಬಾಯಿ ತೆರೆದಳು. "ಇಲಿ..."

"ಇಲ್ಲಿ? ಗುಡಗೇರ್ಯಾಗ?" ರೋಹಿಣಿ ನಕ್ಕಳು. "ನನ್ನ ಮುಂದ ಸುಳ್ಳ ಹೇಳಬ್ಯಾಡ. ಈ ಊರಾಗ ಹಿಂತಾ ಕೆಲಸ ಯಾರಿಗೆ ಬರತೈತಿ? ಇದು ಹುಬ್ಬಳ್ಳಿ ಬುಟಿಕ್‌ದ್ದು. ಹೇಳಿದ್ರ ನಾವೂ ಹೋಗತೀವಿ ಅಂತ ಮುಚ್ಚಿಡಾಕತ್ತಿ, ಹೌದಿಲ್ಲೊ?"

ರೋಹಿಣಿಯ ಕಣ್ಣಲ್ಲಿ ಹೊಟ್ಟೆಕಿಚ್ಚು ಹೊಳೆಯುತ್ತಿತ್ತು. ಅಂಥದ್ದನ್ನು ಶೈಲಶ್ರೀ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಹಬ್ಬದ ಹೋಳಿಗೆಗಿಂತ ರುಚಿಯಾಗಿತ್ತು ಅದು. ತಡೆಯಲಾಗಲಿಲ್ಲ.

"ಹೌದ್ರಿ ಅಕ್ಕಾ," ಎಂದಳು. "ಹುಬ್ಬಳ್ಳಿ."

ಆ ಸುಖ ನೀರು ಕುಡಿಯುವಷ್ಟು ಹೊತ್ತು ಇತ್ತು. ಬರುವ ರವಿವಾರ ಮುಸರತ್‌ಳ ನಾದಿನಿಯ ಮದುವೆ. ಬೇವಿನ ಮರದ ಕೆಳಗಿನವರಿಗೆಲ್ಲ ಕರೆ ಹೋಗಿತ್ತು. ಇಂಥ ಜಂಪರು ತನಗೂ ಬೇಕು, ಮೇಲೆ ಸೆರಗು ಇದ್ದರೂ ಒಳಗೆ ಚೊಲೋದು ಇದೆ ಎಂದು ತನಗೆ ಗೊತ್ತಿದ್ದರೆ ಸಾಕು ಎಂದು ಮುಸರತ್ ಹೇಳಿದಳು. ಹಾಗಿದ್ದರೆ ಇವತ್ತೇ ಪ್ಯಾಸೆಂಜರಿಗೆ ಹೋಗೂಣು, ಶೈಲಾ ಅಂಗಡಿ ತೋರಿಸಲಿ ಎಂದು ರೋಹಿಣಿ ತೀರ್ಮಾನ ಕೊಟ್ಟಳು. ಶೈಲಶ್ರೀ ಮನೆಯಲ್ಲಿ ಅತ್ತೆ ಬಿಡುವುದಿಲ್ಲ ಎಂಬ ಕೊನೆಯ ಅಸ್ತ್ರ ತೆಗೆದಳು. ರೋಹಿಣಿ ಸೀದಾ ಅವಳ ಮನೆಗೇ ನಡೆದಳು.

ಸಾವಿತ್ರೆವ್ವ ಪಡಸಾಲೆಯಲ್ಲಿ ಕೂತು, ಕಡ್ಡಿ ಮುರಿದ ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಳ್ಳುತ್ತಿದ್ದಳು. ಹುಬ್ಬಳ್ಳಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ದಾರ ಬಿಟ್ಟು ಎದ್ದಳು. ಕನ್ನಡಕ ಸರಿಮಾಡಿಸಿಕೊಡು ಎಂದು ಮಗ ಕಿರಣಕುಮಾರನಿಗೆ ಹೇಳಿ ಹೇಳಿ ಸಾಕಾಗಿತ್ತಂತೆ. ಗೊಬ್ಬರದ ಅಂಗಡಿ ಬಿಟ್ಟು ಅವನಿಗೆ ಪುರುಸೊತ್ತಿಲ್ಲವಂತೆ. ಸಂಜೆ ಹುಡುಗನನ್ನು ಅವನೇ ಶಾಲೆಯಿಂದ ಕರೆತರಲಿ, ತಾನೂ ಬರುತ್ತೇನೆ ಎಂದಳು. ಶೈಲಶ್ರೀ ಸೆರಗನ್ನು ಇನ್ನೊಂದು ಸುತ್ತು ಬಿಗಿದುಕೊಂಡಳು. ಗಂಟಿನಲ್ಲಿದ್ದ ಆ ಕೆಂಪು ಖಣ ಅತ್ತೆಯ ಮದುವೆಯ ಕುಪ್ಪಸದ್ದು.

ರೈಲಿನ ದಾರಿಯುದ್ದಕ್ಕೂ ಅವಳು ಬೆನ್ನನ್ನು ಸೀಟಿಗೆ ಅಂಟಿಸಿ ಕೂತಳು. ಕುಂದಗೋಳದಲ್ಲಿ ಮುಸರತ್ ಮಿರ್ಚಿ ಕೊಂಡು ಕೊಟ್ಟರೂ ಬಗ್ಗಿ ತೆಗೆದುಕೊಳ್ಳಲಿಲ್ಲ. ಅಂಗಡಿಯ ಹೆಸರೇನೆಂದು ರೋಹಿಣಿ ಕೇಳಿದಾಗ, ಹೆಸರು ಇಂಗ್ಲಿಷಿನಲ್ಲಿದೆ, ನೆನಪಿನಲ್ಲಿ ನಿಲ್ಲುವುದಿಲ್ಲ ಎಂದಳು. ಎಲ್ಲಿದೆ ಎಂದರೆ, ಹೋದರೆ ಗುರುತು ಸಿಗುತ್ತದೆ ಎಂದಳು. ಹುಬ್ಬಳ್ಳಿಯಲ್ಲಿ ಇಳಿದ ಕೂಡಲೇ ಮೊದಲು ಕನ್ನಡಕ ಎಂದು ಸಾವಿತ್ರೆವ್ವ ಪಟ್ಟು ಹಿಡಿದಳು. ಅಂಗಡಿಯವನು ಹೊಸ ಕಡ್ಡಿ ಹಾಕಿ, ಗಾಜು ಒರೆಸಿ ಕೊಟ್ಟ. ಸಾವಿತ್ರೆವ್ವನಿಗೆ ಜಗತ್ತು ಮತ್ತೆ ಹುಟ್ಟಿದಂತಾಯಿತು. ಆಕಳ ಕೊರಳಿನ ಗಂಟೆಯಿಂದ ಹಿಡಿದು ಬಸ್ಸಿನ ಹಿಂದಿನ ಬರಹದವರೆಗೆ ಎಲ್ಲವನ್ನೂ ನಿಂತು ನಿಂತು ನೋಡುತ್ತಾ, ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಾ ನಡೆದಳು.

ದುರ್ಗದಬೈಲಿನ ಗಲ್ಲಿಗಳಲ್ಲಿ ಶೈಲಶ್ರೀ ಮೂವರನ್ನೂ ಸುತ್ತಿಸಿದಳು. ಒಂದೇ ಪಾತ್ರೆ ಅಂಗಡಿ ಮತ್ತೆ ಮತ್ತೆ ಎದುರಾಯಿತು. ಅದರ ಮಾಲೀಕ ಬರಬರುತ್ತಾ ಪರಿಚಯದವನಂತೆ ತಲೆಯಾಡಿಸತೊಡಗಿದ. ಮುಸರತ್‌ಳ ಕಾಲು ಸೋತವು. ರೋಹಿಣಿಯ ಹುಬ್ಬು ಮೇಲೇರಿತು. ಅಷ್ಟರಲ್ಲಿ ಒಂದು ಮಾಳಿಗೆಯ ಮೇಲೆ ಶಟರ್ ಎಳೆದ ಅಂಗಡಿಯೊಂದು ಕಂಡಿತು. ದೇವರೇ ಎಳೆದ ಶಟರ್ ಅದು ಎಂದುಕೊಂಡ ಶೈಲಶ್ರೀ, ಇದೇ ನೋಡಿ ಬುಟಿಕ್, ನಮ್ಮ ನಸೀಬು ಕೆಟ್ಟದ್ದು, ಇವತ್ತು ಬಂದ್ ಇದೆ ಎಂದು ಬಹಳ ದುಃಖದಿಂದ ಹೇಳಿದಳು.

ಸಾವಿತ್ರೆವ್ವ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ, ಬೋರ್ಡು ಓದಿದಳು. "ಮೂ... ಲ... ವ್ಯಾ... ಧಿ... ಚಿಕಿತ್ಸಾಲಯ."

ಕೆಳಗಿನ ಪಾನ್ ಅಂಗಡಿಯವನು ಡಾಕ್ಟರು ನಾಳೆ ಬರುತ್ತಾರೆ, ಬಹಳ ತ್ರಾಸಿದ್ದರೆ ಫೋನ್ ನಂಬರು ಕೊಡುತ್ತೇನೆ ಎಂದ. ಶೈಲಶ್ರೀ ಅಂಗಡಿ ಬೇರೆ ಕಡೆ ಹೋಗಿರಬೇಕೆಂದು ತೊದಲಿದಳು. ಬುಟಿಕ್ ಆದರೆ ಬಾಜು ಗಲ್ಲಿಯಲ್ಲಿ ಒಂದಿದೆ ಎಂದು ಆ ಪುಣ್ಯಾತ್ಮ ಕೈ ತೋರಿಸಿದ. ಅವನು ಕೈ ಇಳಿಸುವ ಮೊದಲೇ ರೋಹಿಣಿ ಆ ಗಲ್ಲಿಯಲ್ಲಿದ್ದಳು.

ಬುಟಿಕ್ಕಿನ ಮಾಲಕಿ ರೂಬಿನಾ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ನಿಂತಿದ್ದಳು. ಹಿಂದೆ ಇಬ್ಬರು ಮಾಸ್ತರರು ಮಶಿನ್ ತುಳಿಯುತ್ತಿದ್ದರು. ರೋಹಿಣಿ ಹೆಚ್ಚು ಮಾತಾಡದೆ ಶೈಲಶ್ರೀಯನ್ನು ತಿರುಗಿಸಿ ನಿಲ್ಲಿಸಿ, ಸೆರಗು ಸರಿಸಿ, ಇದು ನಿಮ್ಮ ಕೆಲಸವೇ ಎಂದು ಕೇಳಿದಳು. ಶೈಲಶ್ರೀ ಕಣ್ಣು ಮುಚ್ಚಿದಳು. ಮಶಿನ್‌ಗಳ ಸದ್ದು ನಿಂತಿತು. ಬೆನ್ನ ಮೇಲೆ ಒಂದು ಬೆರಳು ಮುತ್ತಿನಿಂದ ಮುತ್ತಿಗೆ ನಡೆಯಿತು, ಅಂಚಿನ ಹತ್ತಿರ ನಿಂತಿತು, ಅಂಚನ್ನು ಸ್ವಲ್ಪ ಮಗುಚಿ ನೋಡಿತು.

"ನಮ್ಮದ ಕೆಲಸ ರಿ," ಎಂದಳು ರೂಬಿನಾ. "ಏನಕ್ಕಾರ, ಈ ಕಡೆ ಬರೋದ ಬಿಟ್ರಿ?"

ಶೈಲಶ್ರೀಗೆ ಅವಳ ಕಾಲಿಗೆ ಬೀಳಬೇಕೆನಿಸಿತು. ಕಂಡರಿಯದ ಈ ಹೆಂಗಸು ಏಕೆ ಹೀಗೆಂದಳೆಂದು ಯೋಚಿಸುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ರೋಹಿಣಿ ಮತ್ತು ಮುಸರತ್ ಆಗಲೇ ಮನೆಯಿಂದ ತಂದಿದ್ದ ಚೀಲಗಳಿಂದ ರೇಷ್ಮೆಯ ಜಂಪರ ಪೀಸುಗಳನ್ನೂ ಅಳತೆಯ ಜಂಪರುಗಳನ್ನೂ ಹೊರತೆಗೆದಿದ್ದರು. ರವಿವಾರದೊಳಗೆ ಆಗುತ್ತದೆ, ಆದರೆ ಮಾದರಿಗೆಂದು ಈ ಜಂಪರು ಇಲ್ಲಿ ಇರಬೇಕು ಎಂದಳು ರೂಬಿನಾ. ಶೈಲಶ್ರೀ ಪರದೆಯ ಹಿಂದೆ ಹೋಗಿ, ಅವರು ಕೊಟ್ಟ ಒಂದು ಹಸಿರು ರೆಡಿಮೇಡ್ ಜಂಪರು ತೊಟ್ಟು ಬಂದಳು. ಅದರಲ್ಲಿ ಇನ್ನೊಬ್ಬ ಶೈಲಶ್ರೀಗೆ ಆರಾಮಾಗಿ ಜಾಗವಿತ್ತು.

ಹೊರಗೆ ಬಂದಾಗ ನವಿಲು ಬಣ್ಣದ ಜಂಪರು ಮೇಜಿನ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಬೆನ್ನು ಮೇಲಾಗಿ ಬಿದ್ದಿತ್ತು. ಹೊಸ ಕಡ್ಡಿಯ ಕನ್ನಡಕ ಅದರ ಮೇಲೆ ಬಗ್ಗಿತ್ತು.

"ಈ ಖಣ..." ಎಂದಳು ಸಾವಿತ್ರೆವ್ವ. "ನನ್ನ ಮದುವಿ ಕುಪ್ಪಸಾನೂ ಅಗದಿ ಹಿಂಗ ಇತ್ತು. ಅದರ ತುಕಡಿ ನಮ್ಮ ಕೌದಿ ಗಂಟಿನ್ಯಾಗ ಐತಿ."

ಶೈಲಶ್ರೀಯ ಎದೆ ಆ ಹಸಿರು ಜಂಪರಿನೊಳಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆದರೆ ರೂಬಿನಾ ಕುರ್ಚಿ ಎಳೆದು ಸಾವಿತ್ರೆವ್ವನನ್ನು ಕೂಡಿಸಿದಳು. "ಅಮ್ಮಾರ, ಹಿಂತಾ ಖಣ ಈಗ ಪ್ಯಾಟ್ಯಾಗ ಸಿಗಂಗಿಲ್ಲ. ಹಳೇ ದೊಡ್ಡ ಮನಿತನದಾಗ ಅಷ್ಟ ಇರತಾವು. ನಾವು ಹುಡುಕ್ಯಾಡಿ ತರಸ್ತೀವಿ."

ಸಾವಿತ್ರೆವ್ವನ ಬೆನ್ನು ನೆಟ್ಟಗಾಯಿತು. ದೊಡ್ಡ ಮನೆತನ ಎಂಬ ಮಾತನ್ನು ರೋಹಿಣಿ ಕೇಳಿಸಿಕೊಂಡಳೋ ಇಲ್ಲವೋ ಎಂದು ಒಮ್ಮೆ ಅತ್ತ ನೋಡಿದಳು. ನಂತರ, ತನಗೂ ಇದೇ ಖಣದ ಒಂದು ಕುಪ್ಪಸ ಬೇಕು, ಕಿಟಕಿ ಬೇಡ, ರವಿವಾರದ ಮದುವೆಗೆ ತಾನೂ ಹೋಗುವುದಿದೆ ಎಂದಳು. ಅದಕ್ಕೂ ರೂಬಿನಾ ಹೂಂ ಎಂದಳು. ಹೊರಡುವಾಗ ಶೈಲಶ್ರೀಯ ಫೋನ್ ನಂಬರು ಪಡೆದು, ಗಿರಾಕಿಗಳನ್ನು ಕರೆತಂದದ್ದಕ್ಕೆ ಭಕ್ಷೀಸು ಎಂದು ಬಾಯಿ ಹೊಲಿದ ಒಂದು ದೊಡ್ಡ ಬಟ್ಟೆಯ ಚೀಲ ಅವಳ ಕೈಗಿಟ್ಟಳು.

ಮರಳುವ ರೈಲಿನಲ್ಲಿ ಶೈಲಶ್ರೀ ಮಹಾರಾಣಿಯಂತೆ ಕೂತಿದ್ದಳು. ಬೆನ್ನು ಎತ್ತ ಬೇಕಾದರೂ ತಿರುಗಬಹುದಾಗಿತ್ತು. ಚುರಮುರಿಯ ಗಿರಮಿಟ್ ಕೊಂಡು ಎಲ್ಲರಿಗೂ ಹಂಚಿದಳು. ರೋಹಿಣಿ ಕಿಟಕಿಯ ಹೊರಗಿನ ಹತ್ತಿಯ ಹೊಲ ನೋಡುವಂತೆ ಮಾಡಿ ಆ ಚೀಲವನ್ನೇ ನೋಡುತ್ತಿದ್ದಳು. ಇಷ್ಟು ವರ್ಷದಿಂದ ಹುಬ್ಬಳ್ಳಿಗೆ ಹೋಗುತ್ತಿದ್ದರೂ ತನಗೆ ಯಾವ ಅಂಗಡಿಯವರೂ ಭಕ್ಷೀಸು ಕೊಟ್ಟಿಲ್ಲ ಎಂಬ ಮಾತು ಅವಳ ಬಾಯಿಂದ ತಾನಾಗಿ ಹೊರಬಿತ್ತು. ಅದನ್ನು ಕೇಳಿ ಶೈಲಶ್ರೀ ಇನ್ನೊಂದು ಪೊಟ್ಟಣ ಗಿರಮಿಟ್ ತಿಂದಳು.

ಮನೆಗೆ ಬಂದು, ಒಳಗಿನ ಕೋಣೆಯ ಬಾಗಿಲು ಹಾಕಿ, ಚೀಲದ ಹೊಲಿಗೆ ಬಿಚ್ಚಿದಳು. ಮೇಲುಗಡೆ ಅವಳ ನವಿಲು ಬಣ್ಣದ ಜಂಪರೇ ಇತ್ತು. ಅದರ ಕೆಳಗೆ ರೋಹಿಣಿಯ ರೇಷ್ಮೆ ಪೀಸು, ಅದರ ಕೆಳಗೆ ಮುಸರತ್‌ಳದು, ಜೊತೆಗೆ ಇಬ್ಬರ ಅಳತೆಯ ಜಂಪರು, ತಳದಲ್ಲಿ ಒಂದು ಮುತ್ತಿನ ಪೊಟ್ಟಣ. ಅವಳು ಬಿಟ್ಟ ಬಾಯಿ ಮುಚ್ಚುವ ಮೊದಲೇ ಫೋನು ಬಂತು. ರೂಬಿನಾಳ ದನಿ ಬಹಳ ಮೃದುವಾಗಿತ್ತು.

"ಅಕ್ಕಾರ, ನೀವ ಮನ್ಯಾಗ ಹೊಲದಿದ್ದು ಅಂತ ನೋಡಿದ ಕೂಡ್ಲೇ ಗೊತ್ತಾತು. ಅಂಚಿಗೆ ಇಲಿ ಹಲ್ಲಿನ ಗುರ್ತ ಇನ್ನೂ ಐತಿ. ಆದ್ರ ಬಂದ ಗಿರಾಕಿ ಬಿಡಾಕ ಆಗತೈತೇನ್ರಿ? ನೀವು ಪರದೆ ಹಿಂದ ಇದ್ದಾಗ ನಮ್ಮ ಮಾಸ್ತರ ಇಬ್ಬರೂ ಕುಂತು ನೋಡಿದ್ರು. ಅಷ್ಟು ಸೊಟ್ಟ ಹೊಲ್ಯಾಕ ತಮ್ಮ ಕೈಲೆ ಆಗಂಗಿಲ್ಲ ಅಂದ್ರು. ರವಿವಾರದೊಳಗ ನೀವ ಹೊಲದ ಕೊಡ್ರಿ, ನಾ ಇಲ್ಲಿಂದ ಕಳಿಸಿದಂಗ ಮಾಡತೀನಿ. ಅಮ್ಮಾರ ಕುಪ್ಪಸದ ಖಣಾನೂ ನಿಮ್ಮ ಗಂಟಿನ್ಯಾಗ ಐತೆಲ್ಲ, ಅದನ್ನೂ ಮುಗಿಸಿಬಿಡ್ರಿ."

ಶೈಲಶ್ರೀ ಆಗುವುದಿಲ್ಲ ಎಂದಳು. ಆಗದಿದ್ದರೆ ಪರವಾಗಿಲ್ಲ, ರೋಹಿಣಿ ಅಕ್ಕನವರ ನಂಬರೂ ತನ್ನ ಹತ್ತಿರ ಇದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದು ರೂಬಿನಾ ಅಷ್ಟೇ ಮೃದುವಾಗಿ ಹೇಳಿ ಫೋನಿಟ್ಟಳು.

ಮಶಿನ್ ಇದ್ದದ್ದು ಪಡಸಾಲೆಯಲ್ಲಿ. ಕೌದಿಯ ಗಂಟೂ ಅಲ್ಲೇ. ಅವೆರಡರ ನಡುವೆ ಸಾವಿತ್ರೆವ್ವ ಹೊಸ ಕಡ್ಡಿಯ ಕನ್ನಡಕ ಹಾಕಿಕೊಂಡು ಕೂತು, ಬಂದವರಿಗೆಲ್ಲ ದೊಡ್ಡ ಮನೆತನದ ಕತೆ ಹೇಳುತ್ತಿದ್ದಳು. ಇನ್ನು ರವಿವಾರದವರೆಗೆ ಅವಳ ಕಣ್ಣಿಗೆ ಒಂದು ಇರುವೆಯೂ ತಪ್ಪುವಂತಿರಲಿಲ್ಲ. ಉಳಿದದ್ದು ಕೈಹೊಲಿಗೆಯೊಂದೇ. ಶೈಲಶ್ರೀ ನೆಲದ ಮೇಲೆ ಕೂತು, ಸೂಜಿ ಹುಡುಕಿ, ರೋಹಿಣಿಯ ಪೀಸು ಹರವಿದಳು.

ಫೋನು ಮತ್ತೆ ಬಂತು. ಈ ಸಲ ರೋಹಿಣಿ.

"ಶೈಲಾ, ಆ ರೂಬಿನಾಗ ನಿನ್ನ ಗುರ್ತ ಚೊಲೊ ಐತಿ, ಒಂದ ಮಾತ ಹೇಳಿಬಿಡು. ನನ್ನ ಕಿಟಕಿ ನಿಂದರಕಿಂತ ಒಂದ ಬಟ್ಟ ದೊಡ್ಡದ ಇರಲಿ. ಮತ್ತ ಹೊಲಿಗಿ ನಾಜೂಕ ಇರಬೇಕಂತ ಹೇಳು. ನಮ್ಮ ಊರಿನ ಹೆಣ್ಮಕ್ಕಳು ಮನ್ಯಾಗ ಕುಂತ ಹೊಲದಂಗ ಆಗಬಾರದು."

"ಹೇಳತೀನ್ರಿ ಅಕ್ಕಾ," ಎಂದ ಶೈಲಶ್ರೀ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಆ ಹೊಸ ರೇಷ್ಮೆಯ ನಟ್ಟನಡುವೆ ಕತ್ತರಿ ಹಾಕಿದಳು.